ಮುಟ್ಟಿದರೂ ಗೊತ್ತಾಗದ ಜಾಗ

ಒಂದು ಕಡೆ ನಿಂತು ಪಾಠ ಮಾಡುವುದು ನನ್ನಿಂದ ಯಾವತ್ತೂ ಆಗಲಿಲ್ಲ. ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಜಯನಗರದ ಒಂದು ಬೆಳಗಿನ ಕಾಲೇಜಿನಲ್ಲಿ ತತ್ವಶಾಸ್ತ್ರದ ಲೆಕ್ಚರರ್ ಆಗಿ ಸೇರಿದಾಗ ನನಗೆ ಇಪ್ಪತ್ತೆಂಟು ವರ್ಷ. ಏಳು ಗಂಟೆಗೆ ಮೊದಲ ಪೀರಿಯಡ್, ಒಂಬತ್ತೂವರೆಗೆ ಕೊನೆಯ ಗಂಟೆ. ನಮ್ಮ ವಿದ್ಯಾರ್ಥಿಗಳೆಲ್ಲ ಅಲ್ಲಿಂದ ನೇರ ಕೆಲಸಕ್ಕೆ ಹೋಗುವವರು. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಪಾಠ ಮಾಡುತ್ತಿದ್ದೆ. ನನ್ನನ್ನು ನೋಡಿ ನೋಡಿ ಮುಂದಿನ ಬೆಂಚಿನವರಿಗೆ ಕತ್ತು ನೋವು ಬರುತ್ತಿತ್ತಂತೆ.

ಎರಡನೇ ವರ್ಷದ ಬಿ.ಎ.ಗೆ ಮಧ್ಯಯುಗದ ತತ್ವಶಾಸ್ತ್ರ ಅಂತ ಒಂದು ಪೇಪರ್ ಇತ್ತು. ಇಲಾಖೆಯಲ್ಲಿ ಯಾರಿಗೂ ಬೇಡವಾಗಿದ್ದ ಅದನ್ನು ಹೊಸಬನಾದ ನನ್ನ ತಲೆಗೆ ಕಟ್ಟಿದರು. ಕೂತು ಓದಿದಾಗ ನನಗೇ ಹುಚ್ಚು ಹಿಡಿಯಿತು. ಆತ್ಮ ದೇಹದೊಳಗೆ ಇದೆಯೋ, ದೇಹವೇ ಆತ್ಮದೊಳಗೆ ಇದೆಯೋ, ಎರಡೂ ಬೇರೆಯಾದರೆ ಒಂದು ಇನ್ನೊಂದನ್ನು ಹೇಗೆ ಅಲ್ಲಾಡಿಸುತ್ತದೆ, ಸತ್ತ ಮೇಲೆ ಯಾವುದು ಉಳಿಯುತ್ತದೆ ಎಂದು ಎಂಟುನೂರು, ಸಾವಿರ ವರ್ಷದ ಹಿಂದೆ ಜನ ಹಟ ಹಿಡಿದು ವಾದ ಮಾಡಿದ್ದರು. ಇದನ್ನೆಲ್ಲ ಹನ್ನೊಂದು ಜನರ ಆ ತರಗತಿಗೆ ಕನ್ನಡದಲ್ಲಿ ದಾಟಿಸಲು ನಾನು ಬಸ್ಸಿನಲ್ಲಿ, ಹಾಲಿನ ಬೂತಿನ ಸಾಲಿನಲ್ಲಿ, ಬನಶಂಕರಿಯ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಒಬ್ಬನೇ ಗೊಣಗುತ್ತ ತಿರುಗುತ್ತಿದ್ದೆ. ಮನೆಯಲ್ಲಿ ಹೆಂಡತಿ, ಏಳು ತಿಂಗಳ ಮಗಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದರೆ ನನಗೂ ಯೋಚನೆ ಬರುತ್ತಿತ್ತು, ಮಗುವಿಗೂ ನಿದ್ದೆ ಬರುತ್ತಿತ್ತು.

ಆ ಹನ್ನೊಂದು ಜನರಲ್ಲಿ ಒಬ್ಬರು ಬೇಗೂರಿನವರು. ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಡಿಗ್ರಿ ಮುಗಿಸಿದರೆ ಗುಮಾಸ್ತರಾಗಬಹುದು ಎಂದು ಮೇಲಿನವರು ಹೇಳಿದ್ದರಂತೆ. ಮನೆಯ ಹಸು ಕರೆದು, ಡೇರಿಗೆ ಹಾಲು ಹಾಕಿ, ಬೇಗೂರಿನಿಂದ ಜಯನಗರದವರೆಗೆ ಸೈಕಲ್ ತುಳಿದುಕೊಂಡು ಏಳಕ್ಕೆ ಐದು ನಿಮಿಷ ಇರುವಾಗಲೇ ಬೆಂಚಿನ ಮೇಲೆ ಇರುತ್ತಿದ್ದರು. ಎಂಥ ಸೆಕೆ ಇದ್ದರೂ ತುಂಬುತೋಳಿನ ಶರಟು, ಮುಂಗೈ ಗುಂಡಿ ಹಾಕಿಯೇ ಇರುತ್ತಿತ್ತು. ಪ್ರಶ್ನೆ ಕೇಳುವಾಗ ಎದ್ದು ನಿಲ್ಲುತ್ತಿದ್ದರು. ನಾನು ಎಷ್ಟೇ ಬೇಡ ಎಂದರೂ ಕೂತು ಮಾತಾಡಿದವರಲ್ಲ.

ಒಂದು ದಿನ ನಾನು ತೇಲುವ ಮನುಷ್ಯನ ಪಾಠ ಮಾಡಿದೆ. ಸಾವಿರ ವರ್ಷದ ಹಿಂದೆ ಪರ್ಷಿಯಾದ ಕಡೆಯ ಒಬ್ಬ ಪಂಡಿತ ಕಟ್ಟಿದ ಕಲ್ಪನೆ ಅದು. ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಪೂರ್ತಿ ಬೆಳೆದವನಾಗಿಯೇ ಸೃಷ್ಟಿಯಾಗುತ್ತಾನೆ ಅಂದುಕೊಳ್ಳಿ. ಖಾಲಿ ಆಕಾಶದಲ್ಲಿ ತೇಲುತ್ತಿದ್ದಾನೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಗಾಳಿ ಕೂಡ ಮೈಗೆ ತಾಕುವುದಿಲ್ಲ, ಒಂದು ಬೆರಳು ಇನ್ನೊಂದು ಬೆರಳನ್ನು ಮುಟ್ಟುವುದಿಲ್ಲ. ತನಗೊಂದು ಮೈ ಇದೆ ಅನ್ನುವುದೇ ಅವನಿಗೆ ತಿಳಿಯದು.

"ಈಗ ಹೇಳಿ," ಎಂದೆ. "ನಾನಿದ್ದೀನಿ ಅಂತ ಅವನಿಗೆ ಗೊತ್ತಾಗತ್ತಾ?"

"ಎಲ್ಲಿಂದ ಗೊತ್ತಾಗತ್ತೆ ಸಾರ್, ಸತ್ತಂಗೇ ಲೆಕ್ಕ," ಎಂದ ಹಿಂದಿನ ಬೆಂಚಿನ ಒಬ್ಬ. ಎಲ್ಲರೂ ನಕ್ಕರು.

"ಗೊತ್ತಾಗತ್ತೆ ಅಂತಾನೆ ಆ ಪಂಡಿತ. ಕೈ ಇದೆಯೋ ಕಾಲಿದೆಯೋ ಗೊತ್ತಿಲ್ಲ, ಆದ್ರೂ ನಾನಿದ್ದೀನಿ ಅನ್ನೋದು ಗೊತ್ತು. ಹಾಗಾದ್ರೆ ಆ ನಾನು ಅನ್ನೋದು ಮೈ ಅಲ್ಲ, ಬೇರೆ ಏನೋ."

ತರಗತಿ ಮುಗಿದ ಮೇಲೆ ಬೇಗೂರಿನವರು ಹೋಗದೆ ಉಳಿದರು. ಎಲ್ಲರೂ ಹೊರಟಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ಎಡಗೈಯ ಮುಂಗೈ ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದರು. ಮೊಳಕೈಯಿಂದ ಸ್ವಲ್ಪ ಕೆಳಗೆ ಅಂಗೈಯಗಲದ ಒಂದು ಜಾಗ, ಸುತ್ತಲಿನ ಚರ್ಮಕ್ಕಿಂತ ಬಣ್ಣ ಕಡಿಮೆ, ಒಣಗಿದ ಹಾಗೆ.

"ಇಲ್ಲಿ ಮುಟ್ಟಿದ್ರೆ ಗೊತ್ತಾಗಲ್ಲ ಸಾರ್. ಕಿರುಬೆರಳಲ್ಲೂ ಹಂಗೇ. ಆಫೀಸಲ್ಲಿ ಕವರ್‌ಗೆ ಅರಗು ಹಾಕಿ ಸೀಲ್ ಒತ್ತುತೀನಲ್ಲ, ಮೊನ್ನೆ ಅರಗು ಬೆರಳ ಮೇಲೇ ಬಿತ್ತು. ಸುಟ್ಟ ವಾಸ್ನೆ ಬಂದ್ಮೇಲೆ ನೋಡ್ಕೊಂಡೆ. ನಮ್ ಆಫೀಸಲ್ಲಿ ಎಲ್ಲ, ಏನಪ್ಪಾ ಕಬ್ಬಿಣದ ಮನುಷ್ಯ ಅಂತಾರೆ."

ನಾನು ಪೆನ್ನಿನ ತುದಿಯಿಂದ ಅಲ್ಲಿ ಒತ್ತಿದೆ. ಅವರು ಗೋಡೆ ನೋಡುತ್ತಿದ್ದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನಷ್ಟು ಜೋರಾಗಿ ಒತ್ತಿದೆ.

"ಒತ್ತುತಿದ್ದೀರಾ ಸಾರ್?" ಎಂದು ಕೇಳಿದರು.

ಆಗ ನನಗಾದದ್ದು ಸಂತೋಷ. ಬೇರೆ ಹೆಸರಿಟ್ಟು ಅದನ್ನು ಮುಚ್ಚಿಡಲು ನಾನು ಎಷ್ಟೋ ವರ್ಷ ನೋಡಿದ್ದೇನೆ, ಆಗುವುದಿಲ್ಲ. ಪುಸ್ತಕದಲ್ಲಿ ತೇಲುತ್ತಿದ್ದವನ ಒಂದು ತುಂಡು ನನ್ನ ತರಗತಿಯಲ್ಲೇ ಸಿಕ್ಕಿತ್ತು. "ಅದ್ಭುತ," ಎಂದೆ. "ನೋಡಿ, ನಿಮ್ಮ ಮೈಯ ಇಷ್ಟು ಭಾಗ ನಿಮಗೆ ಗೊತ್ತೇ ಆಗಲ್ಲ. ಆದ್ರೂ ನೀವು ಅನ್ನೋದು ಒಂದು ಚೂರೂ ಕಡಿಮೆ ಆಗಿಲ್ಲ. ಅಲ್ವಾ?"

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕರು. "ಹೌದಲ್ವಾ ಸಾರ್," ಎಂದರು.

ಮುಂದಿನ ವಾರ ಅವರನ್ನು ಕೇಳಿಯೇ ತರಗತಿಯ ಮುಂದೆ ನಿಲ್ಲಿಸಿದೆ. ಕಣ್ಣು ಮುಚ್ಚಿಕೊಂಡರು. ಚಾಕ್‌ಪೀಸಿನಿಂದ ನಾನು ಅವರ ಮುಂಗೈ ಮುಟ್ಟುತ್ತ ಹೋದೆ. ಗೊತ್ತಾದರೆ "ಹ್ಞೂಂ" ಅನ್ನಬೇಕು. ಹ್ಞೂಂ ನಿಂತಲ್ಲಿ ಒಂದು ಗುರುತು, ಮತ್ತೆ ಶುರುವಾದಲ್ಲಿ ಒಂದು ಗುರುತು. ಆ ಗುರುತುಗಳನ್ನು ಸೇರಿಸಿ ಗೆರೆ ಎಳೆದಾಗ ಅವರ ತೋಳಿನ ಮೇಲೆ ಸಣ್ಣ ಕೆರೆಯ ನಕ್ಷೆಯಂಥದ್ದೊಂದು ಬಂತು. ತರಗತಿ ಮೊದಲ ಬಾರಿಗೆ ಉಸಿರು ಬಿಗಿಹಿಡಿದು ಕೂತಿತ್ತು. ಅವತ್ತು ನಾನು ಮನೆಗೆ ಬಸ್ಸು ಹಿಡಿಯದೆ ಜೋರಾಗಿ ನಡೆದುಕೊಂಡೇ ಹೋದೆ.

ಕೆಲವು ವಾರ ಕಳೆದು ಇಟಲಿಯ ಒಬ್ಬ ಸನ್ಯಾಸಿಯ ಪಾಠ ಬಂತು. ತೇಲುವ ಮನುಷ್ಯನ ಪಂಡಿತನಿಗಿಂತ ಇನ್ನೂರು ವರ್ಷ ಈಚಿನವನು. ಅವನ ಪ್ರಕಾರ ಆತ್ಮ ದೇಹದಲ್ಲಿ ಬಾಡಿಗೆಗೆ ಇರುವ ಹಾಗೆ ಇರುವುದಿಲ್ಲ. ದೇಹ ದೇಹವಾಗಿರುವುದೇ ಆತ್ಮದಿಂದ. ಅದು ಇಡೀ ಮೈಯಲ್ಲಿ ಇಡಿಯಾಗಿ ಇದೆ, ಒಂದೊಂದು ಅಂಗದಲ್ಲೂ ಇಡಿಯಾಗಿಯೇ ಇದೆ. ಪ್ರಾಣ ಹೋದ ಮೇಲೆ ಕೈಯನ್ನು ನಾವು ಕೈ ಅನ್ನುವುದು ಬರೀ ಹೆಸರಿಗೆ.

ಬೇಗೂರಿನವರು ಎದ್ದು ನಿಂತರು. "ಸಾರ್, ಅಂಗಾದ್ರೆ ಗೊತ್ತಾಗದೆ ಇರೋ ಈ ಜಾಗದಲ್ಲೂ ಆತ್ಮ ಇಡಿಯಾಗೇ ಐತಾ?"

"ಇದೆ. ಆದ್ರೆ ಅಲ್ಲಿ ಕೆಲಸ ಮಾಡೋಕೆ ಅದಕ್ಕೆ ಸಾಧನ ಇಲ್ಲ."

"ಇಲ್ಲಾಂದ್ರೆ ಇದೂ ಬರೀ ಹೆಸರಿಗೆ ಕೈ ಅಂತಾನಾ?"

ನಾನು ಕಿಟಕಿಯ ಹತ್ತಿರ ಇದ್ದೆ. ಒಳ್ಳೆ ಪ್ರಶ್ನೆ, ಎಲ್ಲರೂ ಬರೆದುಕೊಳ್ಳಿ ಎಂದೆ. ಅವರು ಕೂತರು, ಬರೆದುಕೊಳ್ಳಲಿಲ್ಲ.

ಅದೇ ತರಗತಿಯಲ್ಲಿ ಮಡಿವಾಳದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ವಿಸಿಟರ್ ಆಗಿದ್ದ ಒಬ್ಬ ಮಹಿಳೆ ಇದ್ದರು. ಮನೆ ಮನೆಗೆ ಹೋಗಿ ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು ಅವರ ಕೆಲಸ. ರಜೆಯಲ್ಲಿದ್ದು ಆರು ವಾರದ ನಂತರ ಬಂದಿದ್ದರು. ಅವತ್ತು ತರಗತಿ ಬಿಟ್ಟ ಮೇಲೆ ಸ್ಟಾಫ್ ರೂಮಿಗೇ ಬಂದರು.

"ಸಾರ್, ಅವ್ರ ಕೈ ಮೇಲೆ ಗೆರೆ ಹಾಕಿ ಪಾಠ ಮಾಡಿದ್ರಂತೆ."

"ಹೌದು, ನೀವು ಇರಬೇಕಾಗಿತ್ತು."

"ನಾನಿದ್ದಿದ್ರೆ ಬಿಡ್ತಿರಲಿಲ್ಲ ಸಾರ್. ಈಗ ಹತ್ರ ಹೋಗಿ ನೋಡ್ದೆ. ಕಿರುಬೆರಳು ಬಾಗೋಕೆ ಶುರುವಾಗಿದೆ. ಅದು ಕುಷ್ಠ ಸಾರ್. ಬೇಗ ತೋರಿಸಿದ್ರೆ ವಾಸಿಯಾಗತ್ತೆ. ಅವ್ರಿಗೆ ಹೇಳ್ಬೇಕು. ನಾನು ಹೇಳ್ಲಾ?"

ಆ ಪದ ಕಿವಿಗೆ ಬಿದ್ದಾಗ ನನ್ನ ಬಲಗೈ ತಾನಾಗಿಯೇ ಪ್ಯಾಂಟಿಗೆ ಒರೆಸಿಕೊಂಡಿತು. ಆಕೆ ಅದನ್ನು ನೋಡಿದರು.

"ಬೇಡ, ನಾನೇ ಹೇಳ್ತೀನಿ," ಎಂದೆ. "ಮುಂದೆ ನಿಲ್ಲಿಸಿದ್ದು ನಾನು."

ಹೇಳಲಿಲ್ಲ. ಹತ್ತು ದಿನ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ. ತರಗತಿಯಲ್ಲಿ ಅವರ ಸಾಲಿನ ಕಡೆ ನನ್ನ ಕಾಲು ಹೋಗುತ್ತಿರಲಿಲ್ಲ. ಬಾಗಿಲು, ಕಿಟಕಿ, ಬಾಗಿಲು. ಗಂಟೆ ಹೊಡೆದ ಕೂಡಲೇ ಎಲ್ಲರಿಗಿಂತ ಮೊದಲು ಹೊರಗೆ ಬರುತ್ತಿದ್ದೆ. ತೇಲುವ ಮನುಷ್ಯನನ್ನು ಕಲ್ಪಿಸಿದ ಆ ಪಂಡಿತ ತನ್ನ ಕಾಲದ ಬಹು ದೊಡ್ಡ ವೈದ್ಯನೂ ಆಗಿದ್ದ. ನನ್ನ ನೋಟ್ಸಿನ ಮೊದಲ ಸಾಲಿನಲ್ಲೇ ಅದನ್ನು ನಾನೇ ಬರೆದುಕೊಂಡಿದ್ದೆ. ಅವನು ಆ ಕೋಣೆಯಲ್ಲಿ ಇದ್ದಿದ್ದರೆ ಆ ತೋಳನ್ನು ಹಿಡಿದು ಬೆಳಕಿನ ಕಡೆ ತಿರುಗಿಸುತ್ತಿದ್ದ. ಮೊದಲ ದಿನವೇ.

ಹನ್ನೊಂದನೆಯ ದಿನ ಸೈಕಲ್ ಸ್ಟ್ಯಾಂಡಿನಲ್ಲಿ ಅವರನ್ನು ತಡೆದೆ. "ನಾಳೆ ಆಫೀಸಿಗೆ ರಜೆ ಹಾಕಿ, ಆಸ್ಪತ್ರೆಗೆ ಹೋಗಿಬರೋಣ, ಕೈ ತೋರಿಸೋಣ," ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. "ಆಗ್ಲಿ ಸಾರ್" ಎಂದು ಸೈಕಲ್ಲಿನ ಸ್ಟ್ಯಾಂಡು ಒದ್ದು ಹೊರಟುಬಿಟ್ಟರು.

ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ವಯಸ್ಸಾದ ಒಬ್ಬ ಡಾಕ್ಟರು ಇದ್ದರು. ಹತ್ತಿಯನ್ನು ಬತ್ತಿಯ ಹಾಗೆ ಹೊಸೆದುಕೊಂಡು, "ಕಣ್ಮುಚ್ಚಿ, ಎಲ್ಲಿ ಮುಟ್ತೀನೋ ಅಲ್ಲಿ ಬೆರಳಿಟ್ಟು ತೋರಿಸಿ," ಎಂದರು. ಮುಟ್ಟುತ್ತ ಹೋದರು. ಬೇಗೂರಿನವರ ಬಲಗೈ ಬೆರಳು ಎರಡು ಸಲ ಸರಿಯಾಗಿ ಬಂದು ತೋರಿಸಿ, ಆಮೇಲೆ ಗಾಳಿಯಲ್ಲಿ ಕಾಯುತ್ತ ನಿಂತಿತು. ಡಾಕ್ಟರು ಇಂಕ್ ಪೆನ್ನಿನಲ್ಲಿ ಗೆರೆ ಹಾಕಿದರು. ನಾನು ಹಾಕಿದ್ದ ಗೆರೆಗಿಂತ ಅದು ದೊಡ್ಡದಾಗಿತ್ತು.

ಮೊಳಕೈಯ ಮೂಳೆಯ ಹಿಂದೆ ನರ ಹಗ್ಗದ ಹಾಗೆ ದಪ್ಪವಾಗಿದೆ ಎಂದರು ಡಾಕ್ಟರು. ಮಾತ್ರೆ ಶುರುಮಾಡೋಣ, ವರ್ಷಗಟ್ಟಲೆ ಬಿಡದೆ ತಗೋಬೇಕು, ಇದು ಅಷ್ಟಾಗಿ ಅಂಟುವ ಜಾತಿಯಲ್ಲ, ಮನೆಯವರ ಜೊತೆ ಆರಾಮಾಗಿ ಇರಿ ಎಂದರು. "ರೋಗ ವಾಸಿಯಾಗತ್ತೆ. ಬೆರಳು ನೆಟ್ಟಗಾಗತ್ತೆ ಅಂತ ಹೇಳಲ್ಲ. ಒಂದೆರಡು ತಿಂಗಳು ಮುಂಚೆ ಬರಬಾರದಿತ್ತಾ?"

ಬೇಗೂರಿನವರು ನನ್ನ ಕಡೆ ನೋಡಲಿಲ್ಲ. ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಚಾಕ್‌ಪೀಸಿನ ದಿನದಿಂದ ಅಂದಿಗೆ ಏಳು ವಾರ ಆಗಿತ್ತು.

ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಹೇಳಿದೆ. ಲೋಟ ಬಂತು. ಮಾಣಿ ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ತಂದಿದ್ದ. ಯಾವುದು ಯಾರ ಮುಂದೆ ಇಟ್ಟ ಎಂದು ನಾನು ನೋಡಿಕೊಂಡೆ. ಅವರು ತಮ್ಮದನ್ನು ಎತ್ತಿಕೊಂಡರು. ನಾನು ಎತ್ತಿಕೊಳ್ಳಲಿಲ್ಲ. ಬಿಸಿ ಇದೆ, ಆರಲಿ ಎಂದುಕೊಂಡು ಕೂತೆ. ಕಾಫಿಯ ಮೇಲೆ ಕೆನೆ ಕಟ್ಟಿತು.

"ಸಾರ್, ನಾನು ಹೊರಗಡೆ ನಿಂತ್ಕೊಂಡು ಕುಡಿತೀನಿ, ನೀವು ಆರಾಮಾಗಿ ಕುಡೀರಿ," ಎಂದು ಅವರು ಲೋಟ ಹಿಡಿದು ಎದ್ದರು.

"ಕೂತ್ಕೊಳಿ, ಕೂತ್ಕೊಳಿ," ಎಂದೆ. ಅವರು ಅಷ್ಟರಲ್ಲಿ ಮೆಟ್ಟಿಲಿಳಿದಿದ್ದರು.

ಅವರು ಮರುದಿನ ಕಾಲೇಜಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಾರು ಹೇಳಿದರೋ ಗೊತ್ತಿಲ್ಲ, ತರಗತಿಗೆ ವಿಷಯ ತಿಳಿದಿತ್ತು. ಅವರು ಕೂರುತ್ತಿದ್ದ ಬೆಂಚು ಖಾಲಿ ಬಿದ್ದಿತ್ತು. ಮಿಕ್ಕವರು ಗೋಡೆ ಪಕ್ಕದ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದರು. ನಾನು ಹಾಜರಿ ಕರೆದು ಪಾಠ ಶುರುಮಾಡಿದೆ.

ನನ್ನ ಕಥೆ ಬೇರೆಯೇ ಆಯಿತು. ಒಂದು ಗುಂಡುಸೂಜಿ ಜೇಬಿನಲ್ಲಿ ಇಟ್ಟುಕೊಳ್ಳಲು ಶುರುಮಾಡಿದೆ. ಬಚ್ಚಲಿನಲ್ಲಿ ಸ್ನಾನಕ್ಕೆ ಮುಂಚೆ, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ, ಬಸ್ಸಿನಲ್ಲಿ ನಿಂತಾಗ ಜೇಬಿನೊಳಗೇ ಬೆರಳ ತುದಿಗೆ ಚುಚ್ಚಿಕೊಳ್ಳುತ್ತಿದ್ದೆ. ನೋವಾದರೆ ಜೀವ ತಣ್ಣಗಾಗುತ್ತಿತ್ತು. ಹತ್ತು ನಿಮಿಷಕ್ಕೆ ಮತ್ತೆ ಅನುಮಾನ. ಈ ಬೆರಳು ಸರಿ, ಪಕ್ಕದ್ದು? ಬೆನ್ನು? ಬೆನ್ನಿಗೆ ಚುಚ್ಚಿಕೊಳ್ಳುವುದು ಹೇಗೆ? ಡಾಕ್ಟರು ಹೇಳಿದ್ದು ನನಗೆ ಬಾಯಿಪಾಠ ಆಗಿತ್ತು. ಬುದ್ಧಿಗೆ ಪೂರ್ತಿ ಒಪ್ಪಿಗೆಯೂ ಇತ್ತು. ಕೈಗೆ ಮಾತ್ರ ಒಪ್ಪಿಗೆ ಇರಲಿಲ್ಲ. ಚಾಕ್‌ಪೀಸು ಹಿಡಿದಿದ್ದ ಆ ಕೈಯಲ್ಲಿ ಮಗಳನ್ನು ಎತ್ತಿಕೊಳ್ಳುವುದನ್ನು ಬಿಟ್ಟೆ. ಶೀತ ಅಂದೆ, ಪೇಪರ್ ತಿದ್ದಬೇಕು ಅಂದೆ, ಬೆನ್ನು ಹಿಡಿದಿದೆ ಅಂದೆ. ಮಗು ಅಂಬೆಗಾಲಿಟ್ಟು ಬಂದು ನನ್ನ ಪಂಚೆ ಹಿಡಿದು ನಿಂತರೆ ನಾನು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂರುತ್ತಿದ್ದೆ.

ಹೆಂಡತಿ ಎರಡು ವಾರ ನೋಡಿದಳು. ಒಂದು ಭಾನುವಾರ ನಾನು ಎಣ್ಣೆ ಹಚ್ಚಿಕೊಳ್ಳಲು ಅಂಗಿ ತೆಗೆದಾಗ ತೋಳಿನ ಮೇಲಿನ ಚುಕ್ಕೆಗಳು ಅವಳ ಕಣ್ಣಿಗೆ ಬಿದ್ದವು.

"ರೀ, ಏನಿದು? ಸೊಳ್ಳೆ ಕಚ್ಚಿದ್ದು ಅಂತ ಮಾತ್ರ ಹೇಳ್ಬೇಡಿ."

ಹೇಳಿದೆ. ತೇಲುವ ಮನುಷ್ಯನಿಂದ ಹಿಡಿದು ಕಾಫಿ ಲೋಟದವರೆಗೆ. ಅವಳು ಅಷ್ಟನ್ನೂ ನಿಂತೇ ಕೇಳಿದಳು. ಮಗುವನ್ನು ಕಂಕುಳಿಗೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಆಮೇಲೆ ಅಳು ಬಂತು ಅವಳಿಗೆ.

"ಒಂದ್ ತಿಂಗಳಿಂದ ನಿಮ್ಮ ಹೊಟ್ಟೇಲಿ ಇಟ್ಕೊಂಡಿದ್ದೀರಲ್ಲ, ನಾನೇನು ಈ ಮನೇಲಿ ಇಲ್ವಾ? ನಮಗೇನಾದ್ರೂ ಆಗೋ ಹಾಗಿದ್ರೆ ನಂಗೆ ಗೊತ್ತಾಗ್ಬೇಡ್ವಾ? ಆಗಲ್ಲ ಅನ್ನೋ ಹಾಗಿದ್ರೆ ಈ ಕೂಸನ್ನ ಯಾಕೆ ಅಳಿಸಿದ್ರಿ?"

ಸೋಮವಾರ ಮಗುವನ್ನು ಎತ್ತಿಕೊಂಡು ಬಸ್ಸು ಹಿಡಿದು ಮಡಿವಾಳಕ್ಕೆ ಹೋದಳು. ಆ ಹೆಲ್ತ್ ವಿಸಿಟರ್ ಇದ್ದ ಕೇಂದ್ರವನ್ನು ವಿಚಾರಿಸಿಕೊಂಡು, ಅವರೆದುರು ಕೂತು, ಅರ್ಧ ದಿನ ಕೇಳಬೇಕಾದ್ದೆಲ್ಲ ಕೇಳಿ ಬಂದಳು. ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಮಗುವನ್ನು ನನ್ನ ತೋಳಿಗೆ ಹಾಕಿದಳು.

"ಹಿಡ್ಕೊಳಿ. ಏನೂ ಆಗಲ್ವಂತೆ. ನಾನು ಅಕ್ಕಿ ಆರಿಸ್ಬೇಕು."

ಮಗು ನನ್ನ ಕನ್ನಡಕ ಕಿತ್ತುಕೊಂಡಿತು. ನಾನು ವರಾಂಡದಲ್ಲಿ ಅದನ್ನು ಎತ್ತಿಕೊಂಡು ಓಡಾಡಿದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತ ಒಳಗಿನಿಂದಲೇ ಕೇಳಿದಳು: "ಅವ್ರು ಕಾಲೇಜಿಗೆ ಬರ್ತಿದ್ದಾರಾ?"

"ಇಲ್ಲ."

"ಮತ್ತೆ ನೀವಿನ್ನೂ ಇಲ್ಲೇ ಇದ್ದೀರಲ್ಲ."

ಬುಧವಾರ ಬೇಗೂರಿಗೆ ಹೋದೆ. ಬಸ್ಸಿಳಿದು ನಾಗೇಶ್ವರನ ಗುಡಿಯ ಹತ್ತಿರ ಕೇಳಿದರೆ ಮನೆ ತೋರಿಸಿದರು. ಅವರು ಹಿತ್ತಿಲಿನಲ್ಲಿ ಹಸುವಿಗೆ ಬೂಸಾ ಕಲೆಸುತ್ತಿದ್ದರು, ಬಲಗೈ ಒಂದರಲ್ಲೇ. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತರು. ಅವರ ತಾಯಿ ಚಾಪೆ ಹಾಕಿ, ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ನಾಲ್ಕು ಗುಟುಕಿಗೆ ಲೋಟ ಕೆಳಗಿಟ್ಟೆ. ಮತ್ತೆ ಎತ್ತಿ ಪೂರ್ತಿ ಮಾಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು.

"ನಂದು ತಪ್ಪಾಯ್ತು," ಎಂದೆ. "ತರಗತಿ ಮುಂದೆ ನಿಲ್ಲಿಸಿದ್ದೂ ತಪ್ಪು. ಗೊತ್ತಾದ್ಮೇಲೂ ಹತ್ತು ದಿನ ಹೇಳ್ದೆ ಇದ್ದಿದ್ದೂ ತಪ್ಪು. ಆ ದಿನ ಹೋಟ್ಲಲ್ಲೂ."

"ಅಯ್ಯೋ ಬಿಡಿ ಸಾರ್. ಮಾತ್ರೆ ತಗೋತಾ ಇದ್ದೀನಿ."

"ಪರೀಕ್ಷೆಗೆ ಎರಡು ತಿಂಗಳಿದೆ. ಬನ್ನಿ."

"ನಾನೆಲ್ಲಿ ಕೂತ್ಕೊಳ್ಲಿ ಸಾರ್?" ಎಂದು ಕೇಳಿದರು.

ಶುಕ್ರವಾರ ಬಂದರು. ಏಳಕ್ಕೆ ಐದು ನಿಮಿಷಕ್ಕೆ ಬರದೆ, ಪಾಠ ಶುರುವಾದ ಮೇಲೆ ಬಂದು, ಕೊನೆಯ ಬೆಂಚಿನ ಮೂಲೆಯಲ್ಲಿ ಕೂತರು. ಮುಂದಿದ್ದವರಲ್ಲಿ ಇಬ್ಬರು ತಿರುಗಿ ನೋಡಿದರು. ನಾನು ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಲ್ತ್ ವಿಸಿಟರ್ ತಮ್ಮ ಪುಸ್ತಕ, ಟಿಫನ್ ಡಬ್ಬಿ, ಕೊಡೆ ಎಲ್ಲ ಎತ್ತಿಕೊಂಡು ಹೋಗಿ ಅದೇ ಬೆಂಚಿನಲ್ಲಿ ಅವರ ಪಕ್ಕ ಕೂತು, "ಎಷ್ಟನೇ ಪುಟ?" ಎಂದು ಕೇಳಿದರು. ನಾನು ಮಾಡಬೇಕಾಗಿದ್ದನ್ನು ಆಕೆ ಮಾಡಿದರು. ನಾನು ಪಾಠ ಮುಂದುವರಿಸಿದೆ. ಮಿಕ್ಕವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಮರಳಲು ಪರೀಕ್ಷೆ ಹತ್ತಿರ ಬರುವವರೆಗೂ ಹಿಡಿಯಿತು. ಇಬ್ಬರು ಕೊನೆಯವರೆಗೂ ಮರಳಲಿಲ್ಲ.

ಅವರು ಪಾಸಾದರು. ಮರುವರ್ಷ ಡಿಗ್ರಿಯೂ ಆಯಿತು. ನಾನು ಬೇರೆ ಕಾಲೇಜಿಗೆ ಹೋದೆ, ಅಲ್ಲಿಂದ ಇನ್ನೊಂದಕ್ಕೆ. ಒಂದು ಕಡೆ ನಿಲ್ಲದ ಸ್ವಭಾವ ಅದರಲ್ಲೂ ಹಾಗೆಯೇ. ಮೈಮೇಲೆ ಎಲ್ಲಾದರೂ ಜೋಮು ಹಿಡಿದರೆ ಸೂಜಿಗಾಗಿ ಜೇಬು ತಡಕುವುದು ಮಾತ್ರ ಎಷ್ಟೋ ವರ್ಷ ಬಿಡಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಜಯನಗರದ ಕಾಂಪ್ಲೆಕ್ಸಿನ ಹತ್ತಿರ ಯಾರೋ "ಸಾರ್" ಎಂದು ಕೂಗಿದರು. ತಿರುಗಿದರೆ ಅವರೇ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ತೋಳು ಮಡಿಚಿದ ಶರಟು. ಗುಮಾಸ್ತರಾಗಿ ನಾಲ್ಕು ವರ್ಷ ಆಗಿತ್ತಂತೆ. ಬಿ.ಟಿ.ಎಂ. ಲೇಔಟಿನ ಕಡೆ ಮನೆ ಕಟ್ಟಿಸುತ್ತಿದ್ದಾರಂತೆ. ಕಿಟಕಿಯ ಗ್ರಿಲ್ ನೋಡಲು ಬಂದಿದ್ದರು. ರೋಗ ಪೂರ್ತಿ ವಾಸಿಯಾಗಿದೆ, ಇನ್ನು ಬರುವುದು ಬೇಡ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಎಡಗೈಯ ಎರಡು ಬೆರಳು ಒಳಕ್ಕೆ ಬಾಗಿ ಹಾಗೇ ನಿಂತಿದ್ದವು. ಆ ಕೈಯನ್ನೇ ಅವರು ಮುಂದೆ ಚಾಚಿದರು. ಹಿಡಿದುಕೊಂಡೆ. ಬಿಡಲು ನನಗೆ ಅವಸರವಾಗಲಿಲ್ಲ, ಅದು ನನಗೇ ಆಶ್ಚರ್ಯ.

ಹೋಟೆಲಿಗೆ ಹೋಗಿ ಕೂತೆವು. ಬಹಳ ವರ್ಷದಿಂದ ನಾಲಿಗೆಯ ಮೇಲೆ ಇದ್ದದ್ದನ್ನು ಕೇಳಿಯೇಬಿಟ್ಟೆ. "ಆ ಏಳು ವಾರ ಮುಂಚೆ ಹೋಗಿದ್ರೆ ಬೆರಳು ಉಳೀತಿತ್ತೇನೋ. ನನ್ನ ಮೇಲೆ ಸಿಟ್ಟು ಬರಲಿಲ್ವಾ?"

"ನಂಗೆ ಮೊದ್ಲೇ ಗೊತ್ತಿತ್ತು ಸಾರ್," ಎಂದರು.

"ಏನು ಗೊತ್ತಿತ್ತು?"

"ಇದು ಅದೇ ಅಂತ. ನಮ್ಮವ್ವನ ಅಣ್ಣ ಒಬ್ಬ ಇದ್ದ, ಅವನಿಗೂ ಹಿಂಗೇ ಶುರುವಾಗಿತ್ತು. ಕೆರೆ ಆಚೆ ಗುಡಿಸಲು ಹಾಕ್ಕೊಟ್ಟಿದ್ರು. ನಾವು ಹುಡುಗ್ರು ಅನ್ನ ಇಟ್ಟು ಓಡಿಬರ್ತಿದ್ವಿ. ಅದಕ್ಕೇ ನಾನು ತೋಳು ಮಡಿಸ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹೆಂಡ್ತಿಗೂ. ನೀವು ಆವತ್ತು ಪಾಠ ಮಾಡಿದ್ಮೇಲೆ, ಈ ಸಾರ್‌ಗೆ ತೋರಿಸಿದ್ರೆ ಏನಂತಾರೋ ನೋಡೋಣ ಅನ್ನಿಸ್ತು. ನೀವು ಖಾಯಿಲೆ ಅನ್ನಲಿಲ್ಲ. ಅದ್ಭುತ ಅಂದ್ರಿ." ಅವರು ನಕ್ಕರು. "ಏಳು ವಾರ ನಾನು ಸಖತ್ ಖುಷಿಯಾಗಿದ್ದೆ ಸಾರ್. ಸೈಕಲ್ ತುಳೀತಾ ಹಾಡು ಹೇಳ್ಕೊಂಡು ಬರ್ತಿದ್ದೆ. ಆ ಖುಷಿ ಕೊಟ್ಟೋರ ಮೇಲೆ ಹೆಂಗೆ ಸಿಟ್ಟು ಮಾಡ್ಲಿ? ಸಿಟ್ಟು ಬರಬೇಕಾಗಿದ್ದು ನನ್ನ ಮೇಲೆ. ಬಂತು, ಹೋಯ್ತು."

ನಾನು ಗ್ರಿಲ್ಲಿನ ಬಗ್ಗೆ ಕೇಳಿದೆ. ಅವರು ಚೀಟಿಯ ಹಿಂದೆ ಬಲಗೈಯಲ್ಲಿ ಪೆನ್ನು ಹಿಡಿದು, ಬಾಗಿದ ಎಡಗೈಯಿಂದ ಚೀಟಿ ಒತ್ತಿಹಿಡಿದು, ಕಿಟಕಿಯ ಚಿತ್ರ ಬರೆದು ತೋರಿಸಿದರು. ಅಡ್ಡ ಕಂಬಿ ಐದೋ ಆರೋ ಎಂದು ನಾವಿಬ್ಬರೂ ಕೂತು ವಾದ ಮಾಡಿದೆವು.

ಅವರನ್ನು ಅಂಗಡಿಯ ತನಕ ಬಿಟ್ಟು ಬಸ್ ಸ್ಟಾಪಿಗೆ ಬಂದೆ. ಬನಶಂಕರಿಯ ಬಸ್ಸು ಬಂತು, ಹತ್ತಲಿಲ್ಲ. ಅವರು ಕ್ಷಮಿಸಿದ್ದಾರೆ ಎಂದು ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಆ ಏಳು ವಾರ ಅವರಿಗೆ ಸುಖ ಕೊಟ್ಟಿತ್ತು ಎಂದು ತಿಳಿದ ಮೇಲೆ ಅದನ್ನು ತಪ್ಪು ಎಂದು ಹಿಡಿದುಕೊಂಡು ಕೂರುವುದೂ ಸುಲಭವಾಗಿರಲಿಲ್ಲ. ಎರಡನೇ ಬಸ್ಸೂ ಹೋಯಿತು. ನಡೆದೇ ಹೋಗೋಣ ಎಂದು ಹೊರಟೆ. ಸೌತ್ ಎಂಡ್ ಕಡೆಗೆ ಅರ್ಧ ದಾರಿ ಹೋದ ಮೇಲೆ ನಾನು ಮನೆಗೆ ತದ್ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಿದ್ದೇನೆ ಎಂದು ಗೊತ್ತಾಯಿತು.